ಹೋಟೆಲ್ ರೂಮಿನ ಇಂಟರ್ನೆಟ್ಟಿಗೆ ಮೀಟರ್ ಬಿದ್ದ ಕಥೆ

2005ರ ಅಕ್ಟೋಬರ್. ಕಂಪನಿ ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿದ್ದೆ. ಒಂದೇ ವಾರದಲ್ಲಿ ಎರಡು ಹೋಟೆಲಿನಲ್ಲಿ ಉಳಿಯೋ ಯೋಗ ಬಂತು. (ನಮ್ಮ ಕಡೆ ಹೋಟೆಲು ಅಂದರೆ ಇಡ್ಲಿ-ವಡೆ, ಉಳಿಯೋ ಜಾಗಕ್ಕೆ ಲಾಡ್ಜು. ಇಲ್ಲಿ ಹೋಟೆಲು ಅಂದರೆ ಮಂಚ ಇರೋ ಹೋಟೆಲು ಅಂತ ಇಟ್ಟುಕೊಳ್ಳಿ.) ಮೊದಲನೇದು ಹೆದ್ದಾರಿ ಪಕ್ಕದ ಮೋಟೆಲು. ಕಾರ್ಪೆಟ್ಟಿನಲ್ಲಿ ಸಿಗರೇಟಿನ ವಾಸನೆ, ಬೆಳಿಗ್ಗೆ ತಿಂಡಿಗೆ ಒಣಗಿದ ಬ್ರೆಡ್ಡು. ಆದರೆ ಲ್ಯಾಪ್‌ಟಾಪ್ ತೆರೆದ ಕೂಡಲೇ ಇಂಟರ್ನೆಟ್ ಬಂತು, ಒಂದು ಪೈಸೆ ಕೇಳಲಿಲ್ಲ. ಎರಡನೇದು ನಗರದ ಮಧ್ಯದ ದೊಡ್ಡ ಹೋಟೆಲು, ಬಾಡಿಗೆ ಮೋಟೆಲಿನ ನಾಲ್ಕು ಪಟ್ಟು. ಅಲ್ಲಿ ಬ್ರೌಸರ್ ತೆರೆದರೆ ಬಂದಿದ್ದು ಒಂದು ಪುಟ: ದಿನಕ್ಕೆ 9.95 ಡಾಲರ್, ಒಪ್ಪಿಗೆ ಇದ್ದರೆ ಒತ್ತಿ.

ರಾತ್ರಿ ಹನ್ನೊಂದಕ್ಕೆ ಒತ್ತಿದೆ. ಅಲ್ಲಿ ರಾತ್ರಿ ಹನ್ನೊಂದು ಅಂದರೆ ಬೆಂಗಳೂರಲ್ಲಿ ಬೆಳಿಗ್ಗೆ ಎಂಟೂವರೆ. ಟೀಮಿನವರು ಆಫೀಸಿಗೆ ಬರೋ ಹೊತ್ತಿಗೆ ಕ್ಲೈಂಟ್ ಹೇಳಿದ ಬದಲಾವಣೆಗಳೆಲ್ಲ ಅವರ ಕೈಯಲ್ಲಿರಬೇಕು. ಫೈಲು ಮುಕ್ಕಾಲು ಹೋಗಿತ್ತು, ಹನ್ನೆರಡಕ್ಕೆ ಸಂಪರ್ಕ ಕಡಿದುಹೋಯಿತು. ಮತ್ತೆ ಅದೇ ಪುಟ, ಮತ್ತೆ 9.95. ಕೆಳಗೆ ಫೋನ್ ಮಾಡಿ ಕೇಳಿದರೆ, ನಮ್ಮ ಲೆಕ್ಕದಲ್ಲಿ ದಿನ ಅಂದರೆ ರಾತ್ರಿ ಹನ್ನೆರಡಕ್ಕೆ ಮುಗಿಯುತ್ತೆ ಸರ್ ಅಂದರು! ಒಂದು ಗಂಟೆಗೆ ಒಂದು ದಿನದ ಬಾಡಿಗೆ ಕೊಟ್ಟ ಪುಣ್ಯಾತ್ಮ ನಾನು.

ಅಗ್ಗದ ಜಾಗದಲ್ಲಿ ಪುಕ್ಕಟೆ, ದುಬಾರಿ ಜಾಗದಲ್ಲಿ ದುಡ್ಡು.. ಅದೂ ನಿಧಾನ! ಇದು ಹೇಗೆ ಅನ್ನೋ ಪ್ರಶ್ನೆ ಅವತ್ತಿನಿಂದ ತಲೆಯಲ್ಲಿ ಕೂತಿತ್ತು. ಆಮೇಲೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದ ಹಾಗೆ ಗೊತ್ತಾಗಿದ್ದು ಇಷ್ಟು. ಹೋಟೆಲಿನವರು ಇಂಟರ್ನೆಟ್ಟನ್ನು ನೀರು, ಕರೆಂಟಿನ ಸಾಲಿಗೆ ಸೇರಿಸಲೇ ಇಲ್ಲ, ಟೆಲಿಫೋನಿನ ಸಾಲಿಗೆ ಸೇರಿಸಿದರು. ರೂಮಿನ ಟೆಲಿಫೋನು ಅವರಿಗೆ ಮೊದಲಿನಿಂದಲೂ ಗಲ್ಲಾಪೆಟ್ಟಿಗೆ. ಉಳಿದ ಅವಾಂತರಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟಿದ್ದು.

ಟೆಲಿಫೋನಿನಿಂದಲೇ ಶುರು ಮಾಡೋಣ. ಅಮೆರಿಕದಲ್ಲಿ ಬಹಳ ಕಾಲ ಎಟಿ ಅಂಡ್ ಟಿ ಕಂಪನಿಯ ತಂತಿಗೆ ಅವರದಲ್ಲದ ಯಾವ ಉಪಕರಣವನ್ನೂ ಜೋಡಿಸೋ ಹಾಗಿರಲಿಲ್ಲ. 1968ರಲ್ಲಿ ಕಾರ್ಟರ್‌ಫೋನ್ ಅನ್ನೋ ಸಣ್ಣ ಪೆಟ್ಟಿಗೆಯ ಪ್ರಕರಣದಲ್ಲಿ ಅಲ್ಲಿನ ಸಂಪರ್ಕ ಆಯೋಗ, ಅಂದರೆ ಎಫ್‌ಸಿಸಿ, ಈ ನಿಷೇಧ ತಪ್ಪು ಅಂತ ತೀರ್ಪು ಕೊಟ್ಟಿತು. ಆದರೂ ನೇರವಾಗಿ ತಂತಿ ಸಿಕ್ಕಿಸೋ ಸೌಕರ್ಯ ಬರಲು 1970ರ ದಶಕದ ಕೊನೆ ಆಗಬೇಕಾಯಿತು. ನಾವು ಡಯಲಪ್ ಕಾಲದಲ್ಲಿ ಬಳಸಿದ ಆರ್‌ಜೆ-11 ಪ್ಲಗ್ಗಿನ ಆರ್‌ಜೆ ಅಂದರೆ ನೋಂದಾಯಿತ ಜ್ಯಾಕ್, ಆ ಹೊಸ ನಿಯಮದಿಂದ ಬಂದ ಹೆಸರು. ಅಲ್ಲಿಯವರೆಗೆ ಇದ್ದ ದಾರಿ ಅಂದರೆ ಫೋನಿನ ರಿಸೀವರನ್ನು ಎರಡು ರಬ್ಬರ್ ಬಟ್ಟಲುಗಳ ಮೇಲೆ ಮಲಗಿಸೋದು. ಯಂತ್ರ ಕೂಗುತ್ತೆ, ಫೋನು ಕೇಳಿಸಿಕೊಳ್ಳುತ್ತೆ. ಪಕ್ಕದ ರೂಮಲ್ಲಿ ಬಾಗಿಲು ದಢಾರ್ ಅಂದರೆ ಅಕ್ಷರ ಕೆಟ್ಟುಹೋಗುತ್ತೆ.

1983ರಲ್ಲಿ ರೇಡಿಯೋ ಶಾಕ್‌ನವರ ಟಿಆರ್‌ಎಸ್-80 ಮಾಡೆಲ್ 100 ಅನ್ನೋ ಪುಟ್ಟ ಕಂಪ್ಯೂಟರ್ ಬಂತು. ಎಂಟು ಸಾಲಿನ ಪರದೆ, ನಾಲ್ಕು ಪೆನ್ಸಿಲ್ ಸೆಲ್ಲು, ಒಳಗೇ ಮೋಡೆಮ್. ಅದನ್ನು ತಲೆ ಮೇಲೆ ಹೊತ್ತು ಕುಣಿದವರು ಪತ್ರಕರ್ತರು. ವೇಗ ಸೆಕೆಂಡಿಗೆ 300 ಬಿಟ್, ಅಂದರೆ ಸುಮಾರು 30 ಅಕ್ಷರ. ಆರುನೂರು ಪದದ ಇಂಗ್ಲಿಷ್ ವರದಿ ಎರಡು ನಿಮಿಷದಲ್ಲಿ ಆಫೀಸು ಸೇರುತ್ತಿತ್ತು. ವರದಿಯನ್ನು ಫೋನಿನಲ್ಲಿ ಓದಿ ಹೇಳಿ, ಆ ಕಡೆ ಇನ್ನೊಬ್ಬರು ಟೈಪ್ ಮಾಡಿಕೊಳ್ಳುತ್ತಿದ್ದ ಕಾಲಕ್ಕೆ ಇದು ಪವಾಡ.

ಆದರೆ ಹೋಟೆಲ್ ರೂಮಿನಲ್ಲಿ ಪ್ಲಗ್ ಎಲ್ಲಿತ್ತು? ಫೋನ್ ಕಳುವಾಗಬಾರದು ಅಂತ ಎಷ್ಟೋ ಹೋಟೆಲಿನವರು ತಂತಿಯನ್ನು ಗೋಡೆಯೊಳಗೇ ಬಿಗಿದಿರುತ್ತಿದ್ದರು. ಹಾಗಾಗಿ ಆ ಕಾಲದ ಪ್ರವಾಸಿಯ ಚೀಲದಲ್ಲಿ ಟೂತ್‌ಬ್ರಶ್ ಜೊತೆ ಒಂದು ಸ್ಕ್ರೂಡ್ರೈವರ್, ಎರಡು ಕ್ರೊಕೊಡೈಲ್ ಕ್ಲಿಪ್. ಮಂಚದ ಹಿಂದೆ ತೂರಿಕೊಂಡು ಗೋಡೆಯ ಮುಚ್ಚಳ ಬಿಚ್ಚೋದು, ಕೆಂಪು ತಂತಿ ಹಸಿರು ತಂತಿಗೆ ಕ್ಲಿಪ್ ಕಚ್ಚಿಸೋದು, ಕೆಲಸ ಆದ ಮೇಲೆ ಏನೂ ಗೊತ್ತಿಲ್ಲದವರ ಹಾಗೆ ಮುಚ್ಚಳ ಹಾಕೋದು. ಯುರೋಪಿಗೆ ಹೋದರೆ ಬ್ರಿಟನ್ನಿನ ಪ್ಲಗ್ ಒಂದು, ಫ್ರಾನ್ಸಿನದು ಇನ್ನೊಂದು, ಜರ್ಮನಿಯದು ಮತ್ತೊಂದು. ಹೊಸ ಹೋಟೆಲುಗಳಲ್ಲಿ ಡಿಜಿಟಲ್ ಎಕ್ಸ್‌ಚೇಂಜ್ ಬಂದ ಮೇಲಂತೂ ಇನ್ನೊಂದು ಅಪಾಯ. ನೋಡಲು ಅದೇ ಜ್ಯಾಕು, ಆದರೆ ಸಾಮಾನ್ಯ ಮೋಡೆಮ್ ಸಿಕ್ಕಿಸಿದರೆ ಸುಟ್ಟುಹೋಗುತ್ತಿತ್ತು. ಸಿಕ್ಕಿಸೋ ಮೊದಲು ಲೈನ್ ಪರೀಕ್ಷೆ ಮಾಡೋಕೆ ಅಂತಲೇ ಪುಟ್ಟ ದೀಪದ ಉಪಕರಣ ಮಾರಾಟಕ್ಕಿತ್ತು.

ತಂತಿ ಸಿಕ್ಕಿತು ಅಂದುಕೊಳ್ಳಿ, ಆಮೇಲೆ ಡಯಲ್ ಮಾಡಬೇಕಲ್ಲ. ಹೋಟೆಲಿನಿಂದ ಹೊರಗಿನ ಲೈನಿಗೆ ಮೊದಲು 9 ಒತ್ತಬೇಕು, ಸ್ವಲ್ಪ ಕಾಯಬೇಕು. 1981ರ ಹೇಯ್ಸ್ ಮೋಡೆಮ್ಮಿನ ಭಾಷೆಯಲ್ಲಿ ಒಂದು ಅಲ್ಪವಿರಾಮ ಅಂದರೆ ಎರಡು ಸೆಕೆಂಡ್ ತಾಳು ಅಂತ ಅರ್ಥ. 9 ಆದ ಮೇಲೆ ಒಂದು ಅಲ್ಪವಿರಾಮ ಸಾಕಾ, ಎರಡು ಬೇಕಾ ಅನ್ನೋದು ಹೋಟೆಲಿನಿಂದ ಹೋಟೆಲಿಗೆ ಬೇರೆ. (ಅಲ್ಪವಿರಾಮದ ಮಹತ್ವ ನಮ್ಮ ವ್ಯಾಕರಣದ ಮೇಷ್ಟ್ರಿಗಿಂತ ಚೆನ್ನಾಗಿ ಕಲಿಸಿದ್ದು ಮೋಡೆಮ್ಮು :)) ನಿಮಗೆ ಯಾರೋ ಸಂದೇಶ ಬಿಟ್ಟಿದ್ದರೆ ಡಯಲ್ ಟೋನ್ ತಡವರಿಸುತ್ತಿತ್ತು, ಮೋಡೆಮ್ ಅದನ್ನು ಟೋನ್ ಅಂತಲೇ ಒಪ್ಪುತ್ತಿರಲಿಲ್ಲ. ಮೊದಲು ಸಂದೇಶ ಕೇಳಿ ಅಳಿಸಿ, ಆಮೇಲೆ ಇಂಟರ್ನೆಟ್ಟು.

1998ರಲ್ಲಿ 56 ಕೆ ಮೋಡೆಮ್ಮುಗಳಿಗೆ ವಿ.90 ಅನ್ನೋ ಮಾನದಂಡ ಬಂತು. ಮನೆಯಲ್ಲಿ 45-50ರ ತನಕ ಮುಟ್ಟುತ್ತಿದ್ದ ಅದೇ ಮೋಡೆಮ್ ಹೋಟೆಲಿನಲ್ಲಿ 28ಕ್ಕೋ 33ಕ್ಕೋ ನಿಲ್ಲುತ್ತಿತ್ತು. ಕಾರಣ ಸರಳ. ವಿ.90ಗೆ ಆ ವೇಗ ಬರಬೇಕಾದರೆ ಇಂಟರ್ನೆಟ್ ಕಂಪನಿಯಿಂದ ನಿಮ್ಮ ತನಕದ ದಾರಿಯಲ್ಲಿ ಡಿಜಿಟಲ್‌ನಿಂದ ಅನಲಾಗ್‌ಗೆ ಒಂದೇ ಸಲ ಬದಲಾವಣೆ ಆಗಬೇಕು. ಹೋಟೆಲಿನ ಸ್ವಂತ ಎಕ್ಸ್‌ಚೇಂಜು ನಡುವೆ ಕೂತು ಎಷ್ಟೋ ಕಡೆ ಇನ್ನೊಂದು ಸಲ ಬದಲಾಯಿಸುತ್ತಿತ್ತು. ದೊಡ್ಡ ಹೋಟೆಲು, ದೊಡ್ಡ ಎಕ್ಸ್‌ಚೇಂಜು, ಸಣ್ಣ ವೇಗ.

ಇನ್ನು ದುಡ್ಡಿನ ವಿಷಯ. ರೂಮಿನಿಂದ ಮಾಡಿದ ಕರೆಗೆ ಹೋಟೆಲಿನವರು ತಮ್ಮ ಪಾಲು ಸೇರಿಸಿ ಬಿಲ್ಲು ಹಾಕುತ್ತಿದ್ದರು ಅನ್ನೋದು ನಮಗೂ ಹೊಸದಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಇದು ಎಲ್ಲಿಗೆ ಮುಟ್ಟಿತ್ತು ಅಂದರೆ, ಅತಿಥಿ ತನ್ನದೇ ಕಾರ್ಡು ಬಳಸಿ ತನಗೆ ಬೇಕಾದ ದೂರವಾಣಿ ಕಂಪನಿಯ ಮೂಲಕ ಮಾತಾಡಲು ಹೋದರೆ ಆ ನಂಬರುಗಳನ್ನೇ ಕೆಲವು ಹೋಟೆಲುಗಳು ತಡೆದುಬಿಡುತ್ತಿದ್ದವು. ನಮ್ಮ ರೂಮು, ನಮ್ಮ ಫೋನು, ನಾವು ಹೇಳಿದ ಕಂಪನಿ! 1990ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ ಹಾಗೆ ತಡೆಯೋ ಹಾಗಿಲ್ಲ ಅಂತ ಹೇಳಬೇಕಾಯಿತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಕಥೆ ಬೇರೆ ವೇಷ ಹಾಕಿಕೊಂಡು ಬರುತ್ತೆ.

ಡಯಲಪ್ಪು ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. ಟೆಲಿಫೋನ್ ಲೈನು ಎಷ್ಟು ಬೇಕು ಅಂತ ಲೆಕ್ಕ ಹಾಕೋ ಗಣಿತವನ್ನು ಕೋಪನ್‌ಹೇಗನ್ನಿನ ಎರ್ಲಾಂಗ್ ಅನ್ನೋ ಎಂಜಿನಿಯರ್ 1909ರಷ್ಟು ಹಿಂದೆಯೇ ಶುರು ಮಾಡಿದ್ದ. ಒಂದು ಕರೆ ಎರಡು-ಮೂರು ನಿಮಿಷ, ಎಲ್ಲರೂ ಒಟ್ಟಿಗೆ ಮಾಡಲ್ಲ, ಹಾಗಾಗಿ 200 ರೂಮಿನ ಹೋಟೆಲಿಗೆ ಹೊರಗಿನ ಲೈನು ಇಪ್ಪತ್ತೋ ಮೂವತ್ತೋ ಇದ್ದರೆ ಸಾಕು ಅನ್ನೋ ಥರದ ಲೆಕ್ಕ. ಈಗ ಸಂಜೆ ಏಳಕ್ಕೆ ರೂಮಿಗೆ ಬಂದ ಇಪ್ಪತ್ತು ಜನ ಲೋಕಲ್ ನಂಬರಿಗೆ ಡಯಲ್ ಮಾಡಿ ಮೂರು ಗಂಟೆ ಕೂತರು ಅಂದುಕೊಳ್ಳಿ. ಹೋಟೆಲಿಗೆ ಬರೋದು ಇಪ್ಪತ್ತು ಲೋಕಲ್ ಕರೆಯ ಚಿಲ್ಲರೆ, ಉಳಿದ ಅತಿಥಿಗಳಿಗೆ ಲೈನೇ ಇಲ್ಲ. ಅದಕ್ಕೇ ಕೆಲವು ಹೋಟೆಲುಗಳು ಲೋಕಲ್ ಕರೆಗೂ ಮೊದಲ ಅರ್ಧ-ಮುಕ್ಕಾಲು ಗಂಟೆ ಆದ ಮೇಲೆ ನಿಮಿಷದ ಲೆಕ್ಕ ಶುರು ಮಾಡಿದವು. ಗೊತ್ತಿಲ್ಲದೆ ರಾತ್ರಿಯಿಡೀ ಸಂಪರ್ಕ ಬಿಟ್ಟು ಮಲಗಿದವರ ಪಾಡು ಬೆಳಿಗ್ಗೆ ಬಿಲ್ಲು ನೋಡಿದಾಗ ಗೊತ್ತಾಗುತ್ತಿತ್ತು. 1996ರಲ್ಲಿ ಶುರುವಾದ ಐಪಾಸ್‌ನಂಥ ಕಂಪನಿಗಳು ಯಾವ ದೇಶಕ್ಕೆ ಹೋದರೂ ಅಲ್ಲಿನ ಲೋಕಲ್ ನಂಬರ್ ಕೊಟ್ಟು, ಬಿಲ್ಲನ್ನು ಒಟ್ಟಿಗೆ ಆಫೀಸಿಗೆ ಕಳಿಸೋ ವ್ಯವಸ್ಥೆ ಮಾಡಿದವು. ಎಸ್‌ಟಿಡಿ, ಐಎಸ್‌ಡಿ ಖರ್ಚು ಉಳಿಯಿತು, ಹೋಟೆಲಿನ ಖರ್ಚು ಉಳಿಯಲಿಲ್ಲ.

ನಮ್ಮಲ್ಲಿ? ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿದ್ದೇ 1995ರ ಆಗಸ್ಟ್ 15ರಂದು, ಮೊದಲು ನಾಲ್ಕು ಮಹಾನಗರಗಳಿಗೆ, ಆಮೇಲೆ ಬೆಂಗಳೂರಿಗೆ. ಜಿಐಎಎಸ್‌ಬಿಜಿ01 ಅಂತ ಬರೋ ಇ-ಮೇಲ್ ವಿಳಾಸ ನೆನಪಿದೆಯಾ? ಅದಿದ್ದವರು ಅವತ್ತಿಗೆ ಊರಿನ ಗಣ್ಯರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂದು ತನ್ನದೇ ಉಪಗ್ರಹ ಸಂಪರ್ಕ ಹಾಕಿಕೊಂಡಿತ್ತು, 90ರ ದಶಕದಲ್ಲಿ ಸಾಫ್ಟ್‌ವೇರ್ ಪಾರ್ಕಿನವರು ಉಳಿದ ಕಂಪನಿಗಳಿಗೂ ಲೈನು ಕೊಟ್ಟರು. ಅಂದರೆ ಆಫೀಸಿನಲ್ಲಿ ಲೈನಿತ್ತು. ಆ ಆಫೀಸು ನೋಡಲು ಬಂದ ಸಾಹೇಬರು ರಾತ್ರಿ ಮಲಗುತ್ತಿದ್ದ ರೂಮಿನಲ್ಲಿ ಇದ್ದಿದ್ದು ಟೆಲಿಫೋನು ಮಾತ್ರ. ಮೇಲ್ ನೋಡಬೇಕಾದರೆ ಕೆಳಗಿನ ಬಿಸಿನೆಸ್ ಸೆಂಟರಿಗೆ ಇಳಿದು ಬರಬೇಕು, ಅದು ಫ್ಯಾಕ್ಸು, ಜೆರಾಕ್ಸುಗಳ ಪಕ್ಕ ಕೂತ ಒಂದು ಕಂಪ್ಯೂಟರು. ಖಾಸಗಿ ಕಂಪನಿಗಳಿಗೆ ಇಂಟರ್ನೆಟ್ ಕೊಡಲು ಅನುಮತಿ ಸಿಕ್ಕಿದ್ದು 1998ರ ಕೊನೆಗೆ.

ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಡಯಲಪ್ ಬಿಟ್ಟು ರೂಮಿಗೇ ನೇರ ಲೈನು ಕೊಡೋ ಆಟ ಶುರುವಾಗಿತ್ತು. ಟೆಕ್ಸಾಸಿನ ಆಸ್ಟಿನ್ನಿನಲ್ಲಿ 1996ರಲ್ಲಿ ವೇಪೋರ್ಟ್, ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ 1998ರಲ್ಲಿ ಎಸ್‌ಟಿಎಸ್‌ಎನ್ (ಮುಂದೆ ಇದರ ಹೆಸರು ಐಬಾನ್ ಆಯಿತು). ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕಂದರೆ ನನ್ನ 9.95 ಹುಟ್ಟಿದ್ದು ಇಲ್ಲೇ.

ಕಟ್ಟಿ ಮುಗಿದ ಹೋಟೆಲಿನಲ್ಲಿ ಮುನ್ನೂರು ರೂಮಿಗೆ ಹೊಸ ಕೇಬಲ್ ಎಳೆಯೋದು ಅಂದರೆ ಗೋಡೆ ಕೊರೆಯಬೇಕು, ರೂಮು ಖಾಲಿ ಬಿಡಬೇಕು. ಮಾಲೀಕ ಆ ಖರ್ಚಿಗೆ ತಯಾರಿಲ್ಲ. ದೊಡ್ಡ ಬ್ರ್ಯಾಂಡಿನ ಹೋಟೆಲುಗಳಲ್ಲಿ ಕಟ್ಟಡ ಒಬ್ಬರದು, ಬೋರ್ಡು ಇನ್ನೊಬ್ಬರದು, ನಡೆಸೋರು ಮತ್ತೊಬ್ಬರು, ಖರ್ಚು ಯಾರದು ಅನ್ನೋದೇ ಜಗಳ. ಈ ಹೊಸ ಕಂಪನಿಗಳು ಬಂದು, ನೀವು ಏನೂ ಹಾಕಬೇಡಿ, ಉಪಕರಣ ನಾವು ತರ್ತೀವಿ, ಅತಿಥಿ ಕೊಟ್ಟಿದ್ದರಲ್ಲಿ ಪಾಲು ಹಂಚಿಕೊಳ್ಳೋಣ ಅಂದವು. ಹೋಟೆಲಿಗೆ ಇದಕ್ಕಿಂತ ಬೇಕಾ? ಟೆಲಿಫೋನಿಗೂ ಇದೇ ಏರ್ಪಾಡು ಇತ್ತಲ್ಲ. ಕೆಲವರು ಹೊಸ ಕೇಬಲ್ಲಿನ ಬದಲು ರೂಮಿನ ಹಳೇ ಫೋನ್ ತಂತಿಯ ಮೇಲೇ ಇಂಟರ್ನೆಟ್ ಹರಿಸಿದರು. ಸಿಸ್ಕೋ 2001ರಲ್ಲಿ ಅದಕ್ಕಂತಲೇ ಒಂದು ಸಾಧನ ತಂದಿತು.

ಹೀಗೆ ಸಾಲ ಮಾಡಿ ಹಾಕಿದ ಬಂಡವಾಳ ತೀರಬೇಕಾದರೆ ದಿನಕ್ಕೆ ಹತ್ತು ಡಾಲರ್ ಕೀಳಲೇಬೇಕು. ಮನೆಯಲ್ಲಿ ತಿಂಗಳಿಗೆ ನಲವತ್ತು ಡಾಲರ್ ಆಸುಪಾಸಿಗೆ ಸಿಗೋ ಬ್ರಾಡ್‌ಬ್ಯಾಂಡು ಹೋಟೆಲಿನಲ್ಲಿ ತಿಂಗಳ ಲೆಕ್ಕಕ್ಕೆ ಮುನ್ನೂರು ಡಾಲರ್. ಅಷ್ಟು ಕೊಟ್ಟರೆ ಏನು ಸಿಗುತ್ತಿತ್ತು? ಇಡೀ ಹೋಟೆಲಿಗೆ ಬಹಳ ಕಡೆ ಒಂದೇ ಒಂದು ಟಿ1 ಲೈನು, 1.544 ಮೆಗಾಬಿಟ್. ಐವತ್ತು ಜನ ಒಟ್ಟಿಗೆ ಕೂತರೆ ತಲೆಗೆ ಸುಮಾರು 30 ಕಿಲೋಬಿಟ್. ಅಂದರೆ ಹತ್ತು ಡಾಲರ್ ಕೊಟ್ಟು, ಕೊನೆಗೆ ಬಂದು ನಿಂತಿದ್ದು ಅದೇ ಡಯಲಪ್ಪಿನ ವೇಗಕ್ಕೆ!

ಮೀಟರ್ ಹಾಕಬೇಕಾದರೆ ಯಾರು ಕೊಟ್ಟಿದ್ದಾರೆ ಯಾರು ಕೊಟ್ಟಿಲ್ಲ ಅಂತ ಗೊತ್ತಾಗಬೇಕು. ಅದಕ್ಕೆ ಬಾಗಿಲಲ್ಲೇ ತಡೆದು ನಿಲ್ಲಿಸೋ ಪುಟ. ಈ ಜಾಗದಲ್ಲಿ ಒಬ್ಬ ದೊಡ್ಡ ಮನುಷ್ಯ ಬರುತ್ತಾರೆ. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸಿನ ಯುಸಿಎಲ್‌ಎಯಿಂದ ಅರ್ಪಾನೆಟ್ಟಿನ ಮೊದಲ ಸಂದೇಶ ಹೋಯಿತಲ್ಲ (ಲಾಗಿನ್ ಅಂತ ಕಳಿಸಲು ಹೋಗಿ ಎಲ್ ಮತ್ತು ಓ ಹೋಗೋಷ್ಟರಲ್ಲಿ ಆ ಕಡೆಯ ಕಂಪ್ಯೂಟರ್ ಕೈಕೊಟ್ಟಿತು), ಆ ಪ್ರಯೋಗಾಲಯದ ಮುಖ್ಯಸ್ಥರು ಲಿಯೊನಾರ್ಡ್ ಕ್ಲೀನ್‌ರಾಕ್. ಅದೇ ಕ್ಲೀನ್‌ರಾಕ್ 1998ರಲ್ಲಿ ತಮ್ಮ ವಿದ್ಯಾರ್ಥಿ ಜೋಯೆಲ್ ಶಾರ್ಟ್ ಜೊತೆ ನೊಮ್ಯಾಡಿಕ್ಸ್ ಅನ್ನೋ ಕಂಪನಿ ಶುರು ಮಾಡಿದರು. ಅಲೆಮಾರಿಯ ಲ್ಯಾಪ್‌ಟಾಪು ಎಲ್ಲಿಗೆ ಹೋದರೂ ಅಲ್ಲಿ ಒಗ್ಗಿಕೊಳ್ಳಬೇಕು ಅನ್ನೋದು ಅವರ ಕನಸು. ಆಗಿನ ಆಫೀಸ್ ಲ್ಯಾಪ್‌ಟಾಪುಗಳಲ್ಲಿ ವಿಳಾಸ, ಪ್ರಾಕ್ಸಿ ಎಲ್ಲ ಆಫೀಸಿಗೆ ತಕ್ಕಂತೆ ಬರೆದಿಟ್ಟಿರುತ್ತಿದ್ದರು, ಬೇರೆ ಜಾಲಕ್ಕೆ ಸಿಕ್ಕಿಸಿದರೆ ಕಲ್ಲು. ನೊಮ್ಯಾಡಿಕ್ಸ್ ಪೆಟ್ಟಿಗೆ ಬಂದವರ ಸೆಟ್ಟಿಂಗ್ ಮುಟ್ಟದೆ, ನೀನು ಹುಡುಕೋ ಆಫೀಸ್ ಯಂತ್ರ ನಾನೇ ಅಂತ ಅದಕ್ಕೆ ನಂಬಿಸಿ ಹೊರಗೆ ದಾಟಿಸುತ್ತಿತ್ತು. ನಿಜಕ್ಕೂ ಜಾಣ ಕೆಲಸ. ಆದರೆ ಅದೇ ಪೆಟ್ಟಿಗೆ ದುಡ್ಡು ಕೇಳೋ ಪುಟವನ್ನೂ ತೋರಿಸುತ್ತಿತ್ತು, ಹೋಟೆಲಿನ ಬಿಲ್ಲಿಂಗ್ ಕಂಪ್ಯೂಟರಿಗೂ ಹೇಳುತ್ತಿತ್ತು. ಇಂಟರ್ನೆಟ್ಟಿನ ಹುಟ್ಟಿಗೆ ಸಾಕ್ಷಿಯಾದ ಕೈಯಿಂದಲೇ ಹೋಟೆಲಿನ ಟೋಲ್‌ಗೇಟೂ ಬಂತು ಅನ್ನೋದು ನನಗೆ ಬಹಳ ದಿನ ನಗು ತರಿಸಿದ ವಿಷಯ.

2000-01ರಲ್ಲಿ ಡಾಟ್‌ಕಾಂ ಗುಳ್ಳೆ ಒಡೆದಾಗ ಈ ಸಾಲಿನ ಹಲವು ಕಂಪನಿಗಳು ಮುಳುಗಿದವು. ಉಳಿದವರಲ್ಲಿ ವೇಪೋರ್ಟನ್ನು 2008ರಲ್ಲಿ ಎಟಿ ಅಂಡ್ ಟಿ 27.5 ಕೋಟಿ ಡಾಲರಿಗೆ ಕೊಂಡಿತು, ಐಬಾನ್ 2013ರಲ್ಲಿ ದಿವಾಳಿ ಅರ್ಜಿ ಹಾಕಿತು.

ನಡುವೆ ವೈಫೈ ಬಂತು. 1999ರಲ್ಲಿ ಆ ಹೆಸರು, 2003ರಲ್ಲಿ ಇಂಟೆಲ್ಲಿನ ಸೆಂಟ್ರಿನೋ ಬಂದ ಮೇಲೆ ಲ್ಯಾಪ್‌ಟಾಪ್ ಅಂದರೆ ವೈಫೈ ಇದ್ದೇ ಇರಬೇಕು ಅನ್ನೋ ಹಾಗಾಯಿತು. ನನ್ನ ಹಳೇ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೆದ್ದಾರಿ ಬದಿಯ ಎರಡಂತಸ್ತಿನ ಮೋಟೆಲಿಗೆ ಕೇಬಲ್ ಎಳೆಯೋ ತಾಪತ್ರಯವೇ ಇಲ್ಲ. ಒಂದು ಡಿಎಸ್‌ಎಲ್ ಲೈನು, ನಾಲ್ಕೈದು ವೈಫೈ ಡಬ್ಬ. ಮಾಲೀಕನೇ ಕೌಂಟರಿನಲ್ಲಿ ಕೂತಿರುತ್ತಾನೆ, ಯಾರ ಒಪ್ಪಿಗೆಯೂ ಬೇಕಿಲ್ಲ. (ಆ ಮಾಲೀಕ ಬಹಳ ಸಲ ಗುಜರಾತಿನ ಪಟೇಲರು! ಅಮೆರಿಕದ ಏಷ್ಯನ್ ಮೂಲದ ಹೋಟೆಲ್ ಮಾಲೀಕರ ಸಂಘ 1989ರಲ್ಲೇ ಹುಟ್ಟಿದೆ. ನನ್ನ ಮೋಟೆಲಿನವರೂ ಪಟೇಲರೇ, ಹೊರಡುವಾಗ ಡಬ್ಬಿಯಿಂದ ಥೇಪ್ಲಾ ಕೊಟ್ಟರು.) ಅವರಿಗೆ ಹಳೇ ಟೆಲಿಫೋನ್ ಆದಾಯದ ಮೋಹವೂ ಅಷ್ಟಿರಲಿಲ್ಲ. ಪಕ್ಕದ ಮೋಟೆಲಿನವನು ಪುಕ್ಕಟೆ ಅಂತ ಬೋರ್ಡು ಹಾಕಿದರೆ ಇವರೂ ಹಾಕಲೇಬೇಕು, ಅಲ್ಲಿ ಉಳಿಯೋನು ಸ್ವಂತ ಜೇಬಿನಿಂದ ಕೊಡೋನು. ಬೆಸ್ಟ್ ವೆಸ್ಟರ್ನ್ 2004ರಲ್ಲಿ ಉತ್ತರ ಅಮೆರಿಕದ ತನ್ನ ಎರಡು ಸಾವಿರಕ್ಕೂ ಹೆಚ್ಚು ಹೋಟೆಲುಗಳಲ್ಲಿ ಉಚಿತ ಇಂಟರ್ನೆಟ್ ತಂದಿತು.

ದೊಡ್ಡ ಹೋಟೆಲಿನ ಕಥೆ ತಿರುಗಾ ಮುರುಗಾ. ಅದೇ ಹೊತ್ತಿಗೆ ಎಲ್ಲರ ಜೇಬಿಗೂ ಮೊಬೈಲ್ ಬಂದು ರೂಮಿನ ಫೋನಿನ ಆದಾಯ ಬಿದ್ದುಹೋಗಿತ್ತು, ಆ ತೂತು ಮುಚ್ಚಲು ಸಿಕ್ಕಿದ್ದು ಇಂಟರ್ನೆಟ್ಟು. ಉಳಿಯೋನು ಕಂಪನಿ ಖರ್ಚಿನಲ್ಲಿ ಬಂದವನು, ಹತ್ತು ಡಾಲರಿಗೆ ಹೋಟೆಲ್ ಬದಲಾಯಿಸಲ್ಲ. ಬಿಲ್ಲು ಕಟ್ಟೋರು ಒಬ್ಬರು, ನಿಧಾನಕ್ಕೆ ಹಿಡಿಶಾಪ ಹಾಕೋರು ಇನ್ನೊಬ್ಬರು. ಬಿಲ್ಲು ಕಟ್ಟೋರಿಗೆ ಗುಣಮಟ್ಟ ಗೊತ್ತಿಲ್ಲ, ಗೊತ್ತಿರೋನ ಹತ್ತಿರ ಆಯ್ಕೆ ಇಲ್ಲ.

ವೇಗ ಮಾತ್ರ ಅಲ್ಲ, ಕೆಲಸ ಆಗಬೇಕಲ್ಲ. ನಮ್ಮಂಥವರಿಗೆ ಬೇಕಿದ್ದು ವೆಬ್ ಪುಟ ಅಲ್ಲ, ಆಫೀಸಿನ ವಿಪಿಎನ್. ಹೋಟೆಲಿನ ಎಲ್ಲ ರೂಮುಗಳೂ ಹೊರಗಿನ ಜಗತ್ತಿಗೆ ಒಂದೇ ವಿಳಾಸವಾಗಿ ಕಾಣುತ್ತಿದ್ದವು. ಆ ಕಾಲದ ಪಿಪಿಟಿಪಿ ಅನ್ನೋ ವಿಪಿಎನ್ನಿನ ಒಂದು ಭಾಗಕ್ಕೆ ಪೋರ್ಟ್ ನಂಬರೇ ಇಲ್ಲ, ಹಾಗಾಗಿ ಒಂದೇ ಆಫೀಸಿನ ಇಬ್ಬರು ಒಂದೇ ಹೋಟೆಲಿನಿಂದ ವಿಪಿಎನ್ ಹಾಕಿದರೆ ಯಾರ ಪ್ಯಾಕೆಟ್ ಯಾರದು ಅಂತ ಎಷ್ಟೋ ಹೋಟೆಲ್ ಪೆಟ್ಟಿಗೆಗಳಿಗೆ ತಿಳಿಯುತ್ತಿರಲಿಲ್ಲ. ಎರಡನೆಯವನು ಬಂದರೆ ಮೊದಲನೆಯವನು ಔಟ್. ಟೀಮಿನವರೆಲ್ಲ ಒಂದೇ ಹೋಟೆಲಿನಲ್ಲಿ ಇದ್ದಾಗ, ನಿಂದು ಆಯ್ತೇನೋ, ನಾನು ಹಾಕ್ಲಾ ಅಂತ ರೂಮಿಂದ ರೂಮಿಗೆ ಫೋನ್ ಮಾಡಿಕೊಂಡವರು ನಿಮ್ಮಲ್ಲೂ ಇರಬಹುದು. ವೈಫೈ ಡಬ್ಬ ಹಾಕಿದ ಜಾಗ ಇನ್ನೊಂದು ತಮಾಷೆ. ರೂಮಿನೊಳಗೆ ಕೆಲಸ ಬೇಡ ಅಂತ ಕಾರಿಡಾರಿನ ಛಾವಣಿಗೆ ಹೊಡೆದರು. ಹೋಟೆಲ್ ರೂಮಿನಲ್ಲಿ ಬಾಗಿಲ ಪಕ್ಕ ಬಚ್ಚಲು, ಅದರ ಟೈಲ್ಸು, ಪೈಪು, ದೊಡ್ಡ ಕನ್ನಡಿ ಎಲ್ಲ ಸಿಗ್ನಲ್ಲಿಗೆ ಗೋಡೆ. ಬರೆಯೋ ಮೇಜು ಇರೋದು ಆ ತುದಿಯ ಕಿಟಕಿ ಹತ್ತಿರ. ಹಾಗಾಗಿ ಅತ್ಯುತ್ತಮ ಸಿಗ್ನಲ್ ಸಿಗೋ ಜಾಗ ಅಂದರೆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂರೋದು. ನಾನು ಎಷ್ಟೋ ರಾತ್ರಿ ಹಾಗೇ ಕೂತಿದ್ದೇನೆ, ಚಪ್ಪಲಿಗಳ ಪಕ್ಕ.

ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಗೆ ಪೂರ್ತಿ ಲೈಸೆನ್ಸ್ ವಿನಾಯಿತಿ ಸಿಕ್ಕಿದ್ದು 2005ರ ಜನವರಿಯಲ್ಲಿ. ಅದೇ ಆಸುಪಾಸಿನಲ್ಲಿ ಬೆಂಗಳೂರಿನ ಹೋಟೆಲ್ ಬಾಡಿಗೆ ಇಡೀ ದೇಶದಲ್ಲೇ ಅತಿ ದುಬಾರಿ, ರೂಮು ಸಿಗೋದೇ ಕಷ್ಟ. ಇಲ್ಲೂ ಗಂಟೆ ಲೆಕ್ಕ, ಕೌಂಟರಿನಲ್ಲಿ ಕೊಡೋ ಚೀಟಿಯ ಮೇಲೆ ಯೂಸರ್ ನೇಮು, ಪಾಸ್‌ವರ್ಡು. ಆಮೇಲೆ 2008ರ ಸ್ಫೋಟಗಳ ಸಮಯದಲ್ಲಿ ಯಾರದೋ ತೆರೆದ ವೈಫೈ ಬಳಸಿ ಬೆದರಿಕೆ ಮೇಲ್ ಕಳಿಸಿದ ಪ್ರಕರಣಗಳಾದವು, 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ವೈಫೈ ಬಳಸೋರ ಗುರುತು ದಾಖಲಾಗಬೇಕು ಅಂದಿತು. ಮೊಬೈಲಿಗೆ ಒಟಿಪಿ ಬರೋ ಪದ್ಧತಿ ಹಾಗೆ ಬೇರೂರಿದ್ದು. ಕಾರಣ ಸರಿಯಾದದ್ದೇ. ಆದರೆ ನಡುರಾತ್ರಿ ಇಳಿದ ಪರದೇಶಿಯ ಫೋನಿಗೆ ಆ ಒಟಿಪಿ ಬರುತ್ತಿರಲಿಲ್ಲ, ಕೌಂಟರಿನ ಹುಡುಗ ತನ್ನ ನಂಬರ್ ಹಾಕಿ ಬಿಡಿಸಿಕೊಡೋದನ್ನು ನಾನೇ ನೋಡಿದ್ದೇನೆ. ಭದ್ರತೆಯ ಮಾತು ಬಂದಾಗ ಇದನ್ನೂ ಹೇಳಬೇಕು. 2012ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಬಿಐ ಹೋಟೆಲ್ ಜಾಲದಲ್ಲಿ ನಕಲಿ ಅಪ್‌ಡೇಟ್ ಬರ್ತಿದೆ ಜೋಕೆ ಅಂದಿತು, 2014ರ ನವೆಂಬರಿನಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ಡಾರ್ಕ್‌ಹೋಟೆಲ್ ಅಂತ ಹೆಸರಿಟ್ಟು, ಏಷ್ಯಾದ ಐಷಾರಾಮಿ ಹೋಟೆಲುಗಳಲ್ಲಿ ಇಳಿದ ಕಂಪನಿ ಅಧಿಕಾರಿಗಳನ್ನೇ ಗುರಿ ಮಾಡಿಕೊಂಡ ಗುಂಪಿನ ಕೆಲಸವನ್ನು ಬಯಲು ಮಾಡಿತು. ಹತ್ತು ಡಾಲರ್ ಕೊಟ್ಟ ಮಾತ್ರಕ್ಕೆ ಸುರಕ್ಷೆ ಏನೂ ಜೊತೆಗೆ ಬರುತ್ತಿರಲಿಲ್ಲ.

ಈಗ ನ್ಯಾಶ್‌ವಿಲ್ಲಿಗೆ ಬರೋಣ, ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ. ಅಲ್ಲಿ ಗೇಲಾರ್ಡ್ ಓಪ್ರಿಲ್ಯಾಂಡ್ ಅಂತ ಸುಮಾರು 2,900 ರೂಮಿನ ಹೋಟೆಲು, ಜೊತೆಗೆ ದೊಡ್ಡ ಸಮಾವೇಶ ಕೇಂದ್ರ. 2012ರಿಂದ ನಡೆಸುತ್ತಿದ್ದವರು ಮ್ಯಾರಿಯಟ್. 2013ರ ಮಾರ್ಚಿನಲ್ಲಿ ಅಲ್ಲಿನ ಸಮಾರಂಭಕ್ಕೆ ಹೋದ ಒಬ್ಬರು ಎಫ್‌ಸಿಸಿಗೆ ದೂರು ಕೊಟ್ಟರು. ನನ್ನ ಮೊಬೈಲಿನ ಹಾಟ್‌ಸ್ಪಾಟ್ ಇಲ್ಲಿ ಕೆಲಸ ಮಾಡ್ತಿಲ್ಲ, ಬೇಕಂತಲೇ ತಡೀತಿದ್ದಾರೆ ಅಂತ. ತನಿಖೆ ಮಾಡಿದರೆ ನಿಜ. ವೈಫೈನಲ್ಲಿ ಸಂಪರ್ಕ ಮುಗೀತು, ಬಿಟ್ಟು ಹೋಗು ಅಂತ ಹೇಳೋ ಒಂದು ಪುಟ್ಟ ಸಂದೇಶ ಇದೆ. ಆ ಕಾಲದ ವೈಫೈನಲ್ಲಿ ಈ ಸಂದೇಶ ನಿಜವಾಗಿ ಯಾರು ಕಳಿಸಿದ್ದು ಅಂತ ಲ್ಯಾಪ್‌ಟಾಪು ಸಾಮಾನ್ಯವಾಗಿ ಪರೀಕ್ಷೆ ಮಾಡುತ್ತಿರಲಿಲ್ಲ. ಹೋಟೆಲಿನ ನಿಗಾ ವ್ಯವಸ್ಥೆ, ಅತಿಥಿಗಳು ತಮ್ಮದೇ ದುಡ್ಡು ಕೊಟ್ಟು ತಂದ ಹಾಟ್‌ಸ್ಪಾಟುಗಳ ಹೆಸರಿನಲ್ಲಿ ಈ ಸಂದೇಶವನ್ನು ಎಡೆಬಿಡದೆ ಕಳಿಸುತ್ತಿತ್ತು. ಕೂತ ಕೂತಲ್ಲೇ ಸಂಪರ್ಕ ಹರಿದು ಬೀಳುತ್ತಿತ್ತು. ಆಮೇಲೆ ಇದ್ದ ದಾರಿ ಒಂದೇ, ಹೋಟೆಲಿನ ವೈಫೈ. ಸಮಾವೇಶದವರಿಗೆ ಅದರ ಬೆಲೆ ಒಂದು ಉಪಕರಣಕ್ಕೆ 250ರಿಂದ 1,000 ಡಾಲರ್!

1990ಕ್ಕೆ ಮುಂಚೆ ಫೋನ್ ನಂಬರ್ ತಡೆದರು, 2013ರಲ್ಲಿ ಗಾಳಿಯನ್ನೇ ತಡೆದರು.

2014ರ ಅಕ್ಟೋಬರಿನಲ್ಲಿ ಮ್ಯಾರಿಯಟ್ ಆರು ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ಅತಿಥಿಗಳನ್ನು ಕಳ್ಳ ಹಾಟ್‌ಸ್ಪಾಟುಗಳಿಂದ ಕಾಪಾಡಲು ಹಾಗೆ ಮಾಡಿದೆವು ಅನ್ನೋದು ಅವರ ವಾದ. ಕಳ್ಳ ಹಾಟ್‌ಸ್ಪಾಟು ಅನ್ನೋದು ಇರೋದು ನಿಜವೇ, ಆ ಭಯ ಪೂರ್ತಿ ಸುಳ್ಳಲ್ಲ. ಆದರೆ ಸಾವಿರ ಡಾಲರಿನ ದರಪಟ್ಟಿ ಪಕ್ಕದಲ್ಲೇ ತೂಗುತ್ತಿರುವಾಗ ಆ ಮಾತನ್ನು ಯಾರು ನಂಬಬೇಕು? ಇನ್ನೂ ದೊಡ್ಡ ವಿಷಯ ಅಂದರೆ, ಆ ಆಗಸ್ಟಿನಲ್ಲೇ ಮ್ಯಾರಿಯಟ್ಟು, ಅಮೆರಿಕದ ಹೋಟೆಲುಗಳ ಸಂಘ ಸೇರಿ ಎಫ್‌ಸಿಸಿ ಮುಂದೆ ಅರ್ಜಿ ಹಾಕಿದ್ದವು. ನಮ್ಮ ಆವರಣದಲ್ಲಿ ವೈಫೈ ನಿರ್ವಹಣೆ ಮಾಡೋ ಹಕ್ಕು ನಮ್ಮದು ಅಂತ ಹೇಳಿಬಿಡಿ ಅನ್ನೋದು ಅದರ ಸಾರ. ಒಪ್ಪಿದ್ದರೆ ಹೋಟೆಲು ಮಾತ್ರವಲ್ಲ, ಯಾವ ಕಟ್ಟಡದ ಮಾಲೀಕನೂ ಒಳಗಿನ ಗಾಳಿಗೆ ಬಾಡಿಗೆ ಕೇಳಬಹುದಿತ್ತು. ಗೂಗಲ್, ಮೈಕ್ರೋಸಾಫ್ಟ್ ವಿರೋಧಿಸಿದವು. 2015ರ ಜನವರಿಯಲ್ಲಿ ಇನ್ನು ಮುಂದೆ ತಡೆಯಲ್ಲ ಅಂತ ಮ್ಯಾರಿಯಟ್ ಹೇಳಿತು. ಜನವರಿ 27ಕ್ಕೆ ಎಫ್‌ಸಿಸಿ ಎಲ್ಲರಿಗೂ ಸೇರಿಸಿ ಎಚ್ಚರಿಕೆ ಹೊರಡಿಸಿತು, ಅರ್ಜಿ ವಾಪಸಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಸಮಾವೇಶ ಕೇಂದ್ರಗಳಿಗೆ ಇಂಟರ್ನೆಟ್ ಕೊಡುತ್ತಿದ್ದ ಸ್ಮಾರ್ಟ್ ಸಿಟಿ ಅನ್ನೋ ಕಂಪನಿಯೂ ಇದೇ ಕೆಲಸಕ್ಕೆ ಏಳೂವರೆ ಲಕ್ಷ ಡಾಲರ್ ಕಟ್ಟಿತು. (ನಮ್ಮ ಸ್ಮಾರ್ಟ್ ಸಿಟಿ ಅಲ್ಲ ಬಿಡಿ!)

ಆಗ ನೋಡಿ ಎಲ್ಲರಿಗೂ ಔದಾರ್ಯ ಬಂತು. 2015ರ ಜನವರಿಯಿಂದ ಮ್ಯಾರಿಯಟ್ಟಿನಲ್ಲಿ ಸದಸ್ಯರಾಗಿ ನೇರವಾಗಿ ಬುಕ್ ಮಾಡಿದವರಿಗೆ ವೈಫೈ ಉಚಿತ, ಫೆಬ್ರವರಿಯಿಂದ ಹಯಾತ್‌ನಲ್ಲಿ ಎಲ್ಲರಿಗೂ. ನೇರವಾಗಿ ಅನ್ನೋ ಪದ ಗಮನಿಸಿ. ಬುಕಿಂಗ್ ವೆಬ್‌ಸೈಟುಗಳಿಗೆ ಹೋಗೋ ಕಮಿಷನ್ನು ಒಂದು ದಿನದ ವೈಫೈ ದುಡ್ಡಿಗಿಂತ ದೊಡ್ಡದು. ಹಾಗಾಗಿ ಮೀಟರ್ ತೆಗೆದರು ಅನ್ನೋದಕ್ಕಿಂತ ಬೇರೆ ಗೋಡೆಗೆ ಹಾಕಿದರು ಅನ್ನಬೇಕು. ಅಮೆರಿಕದ ಎಷ್ಟೋ ಹೋಟೆಲುಗಳಲ್ಲಿ ರೆಸಾರ್ಟ್ ಶುಲ್ಕ ಅಂತ ದಿನಕ್ಕೆ ಮೂವತ್ತು-ನಲವತ್ತು ಡಾಲರ್ ಹಾಕಿ, ಅದರಲ್ಲಿ ಏನೇನು ಬರುತ್ತೆ ಅನ್ನೋ ಪಟ್ಟಿಯಲ್ಲಿ ಇಂಟರ್ನೆಟ್ಟನ್ನೂ ಸೇರಿಸಿದರು. 2025ರ ಮೇ 12ರಿಂದ ಇಂಥ ಕಡ್ಡಾಯ ಶುಲ್ಕವನ್ನೆಲ್ಲ ಸೇರಿಸಿದ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಬೇಕು ಅಂತ ಅಲ್ಲಿ ನಿಯಮ ಬಂದಿದೆ. ಶುಲ್ಕ ಹಾಕಬೇಡಿ ಅಂತ ಅಲ್ಲ, ಬಚ್ಚಿಡಬೇಡಿ ಅಂತ.

ನಮ್ಮಲ್ಲಿ ಈ ಜಗಳಕ್ಕೆ ಕಾನೂನೇ ಬೇಕಾಗಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಮೊಬೈಲ್ ಡೇಟಾ ಎಷ್ಟು ಅಗ್ಗವಾಯಿತು ಅಂದರೆ, ಹೋಟೆಲಿನ ವೈಫೈ ಚೀಟಿಯನ್ನು ಯಾರೂ ಕೇಳದ ಹಾಗಾಯಿತು. 2020ರ ನಂತರ ವಿಡಿಯೋ ಮೀಟಿಂಗುಗಳು ಶುರುವಾಗಿ ಇನ್ನೊಂದು ಹಳೇ ಹುಳುಕು ಹೊರಗೆ ಬಂತು. ಅತಿಥಿ ನೋಡ್ತಾನೆ, ಕಳಿಸಲ್ಲ ಅನ್ನೋ ನಂಬಿಕೆಯ ಮೇಲೆ ಕಟ್ಟಿದ ಹೋಟೆಲ್ ಲೈನುಗಳಲ್ಲಿ ಇಳಿಸೋ ವೇಗ ಚೆನ್ನಾಗಿದ್ದು ಏರಿಸೋ ವೇಗ ಕಾಲು ಭಾಗವೂ ಇರುತ್ತಿರಲಿಲ್ಲ. ನಿಮ್ಮ ಮುಖ ಅವರಿಗೆ ಕಲ್ಲಿನ ವಿಗ್ರಹದ ಹಾಗೆ ನಿಂತುಬಿಡುತ್ತೆ, ಅವರ ಮುಖ ಮಾತ್ರ ನಿಮಗೆ ಸ್ಪಷ್ಟವಾಗಿ ಕಾಣುತ್ತೆ.

ನಾನಂತೂ ಈಗ ರೂಮಿಗೆ ಕಾಲಿಟ್ಟ ತಕ್ಷಣ ಫೋನಿನ ಹಾಟ್‌ಸ್ಪಾಟ್ ಹಾಕಿ ನೋಡ್ತೀನಿ, ಆಮೇಲೆ ಹೋಟೆಲಿನದು. ಎರಡರಲ್ಲಿ ಯಾವುದು ಚುರುಕೋ ಅದು. 2005ರ ಆ ರಾತ್ರಿಯ ಎರಡು 9.95ರಲ್ಲಿ, ಊರಿಗೆ ಬಂದ ಮೇಲೆ ನಮ್ಮ ಅಕೌಂಟ್ಸಿನವರು ಒಂದನ್ನು ಮಾತ್ರ ಪಾಸ್ ಮಾಡಿದರು. ಒಂದೇ ರಾತ್ರಿಗೆ ಎರಡು ಸಲ ಯಾಕೆ ಸರ್ ಅಂತ ಕೇಳಿದರು, ನಾನು ಹೋಟೆಲಿನ ದಿನದ ಲೆಕ್ಕ ವಿವರಿಸೋಕೆ ಹೋದೆ, ಅವರು ನಕ್ಕು ಆ ರಸೀದಿ ವಾಪಸ್ ಕೊಟ್ಟರು. ಇನ್ನೂ ನನ್ನ ಹತ್ತಿರವೇ ಇದೆ.